ಇಲ್ಲದ ವೈರಸ್ಸಿಗೆ ಅಪ್ಪ ಕೊಟ್ಟ ದುಡ್ಡು

ಸಾಫ್ಟ್‌ವೇರ್ ಇಂಜಿನಿಯರ್ ಆದವನ ಹಣೆಬರಹ ನಿಮಗೆಲ್ಲ ಗೊತ್ತೇ ಇದೆ. ಆಫೀಸಿನಲ್ಲಿ ನಾನು ಯಾವುದೋ ದೊಡ್ಡ ತಂತ್ರಾಂಶದ ಯಾವುದೋ ಮೂಲೆಯಲ್ಲಿ ನಾಲ್ಕು ಸಾಲು ಕೋಡು ತಿದ್ದುವವನು. ಊರಿಗೆ ಹೋದರೆ ಮಾತ್ರ ಪ್ರಿಂಟರ್, ಮೊಬೈಲು, ಟೀವಿ ರಿಮೋಟು, ಪಕ್ಕದ ಮನೆಯವರ ಯುಪಿಎಸ್ಸು ಎಲ್ಲಕ್ಕೂ ನಾನೇ ಡಾಕ್ಟರ್. ಇದರಲ್ಲಿ ಎಲ್ಲರೂ ಕೇಳುವ, ನಾನು ಯಾವತ್ತೂ ಸರಿಯಾಗಿ ಉತ್ತರ ಕೊಡದೆ ಜಾರಿಕೊಳ್ಳುವ ಪ್ರಶ್ನೆ ಒಂದಿದೆ. "ಮನೆ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್ ಹಾಕಿಸ್ಲಿ?"

2025ರ ಸೆಪ್ಟೆಂಬರ್ ಕೊನೆಯಲ್ಲಿ ಈ ಪ್ರಶ್ನೆ ಕೇಳಿದ್ದು ನಮ್ಮಪ್ಪ. ನಾನು ಮೀಟಿಂಗಿನಲ್ಲಿದ್ದೆ. "ಯಾವ್ದಾದ್ರೂ ಒಳ್ಳೇದು ಹಾಕ್ಸಿ ಅಪ್ಪಾ, ಆಮೇಲೆ ಫೋನ್ ಮಾಡ್ತೀನಿ" ಅಂದೆ. ಮಾಡಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿದರು. "ದೀಪಾವಳಿಗೆ ಬರ್ತೀನಲ್ಲ, ಆವಾಗ ನೋಡೋಣ" ಅಂದೆ. ಆ ಎರಡು ಫೋನುಗಳ ಕಥೆ ಇದು.

ನಮ್ಮೂರು ಕೊರಟಗೆರೆ. ಅಪ್ಪ ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರುವವರಿಗೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುವ ಕೆಲಸ. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. 2023ರಲ್ಲಿ ಕಾವೇರಿ 2.0 ಬಂದು ಪತ್ರಗಳನ್ನು ಮೊದಲೇ ಆನ್‌ಲೈನಿನಲ್ಲಿ ಹಾಕುವಂತಾದ ಮೇಲಂತೂ ಸಂಜೆ ಮನೆಗೆ ಬಂದ ಮೇಲೂ ಕಂಪ್ಯೂಟರ್ ಮುಂದೆಯೇ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಅಪ್ಪ ಟೈಪಿಸುವ ವೇಗಕ್ಕೆ ನಾನು ಕೋಡು ಬರೆದಿದ್ದರೆ ಇಷ್ಟು ಹೊತ್ತಿಗೆ ಎರಡು ಪ್ರಮೋಷನ್ ಆಗಿರುತ್ತಿತ್ತು!

ದೀಪಾವಳಿಯ ಹಿಂದಿನ ದಿನ, ಭಾನುವಾರ, ಮೆಜೆಸ್ಟಿಕ್ಕಿನಲ್ಲಿ ಪಾವಗಡದ ಬಸ್ಸು ಹತ್ತಿ, ನಿಂತುಕೊಂಡೇ ದಾಬಸ್‌ಪೇಟೆ ದಾಟಿ, ಮಧ್ಯಾಹ್ನ ಊರು ಮುಟ್ಟಿದೆ. ಮನೆಯೊಳಗೆ ಕಾಲಿಟ್ಟರೆ ಅಪ್ಪ ಚಾಪೆ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಪೆನ್ನಿನಲ್ಲಿ ವಿಭಾಗಪತ್ರ ಬರೆಯುತ್ತಿದ್ದಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ... ಪಕ್ಕದಲ್ಲಿ ಕಂಪ್ಯೂಟರ್ ಮೇಲೆ ಅಮ್ಮನ ಹಳೇ ಸೀರೆಯ ಹೊದಿಕೆ. ಆಯುಧಪೂಜೆಯಲ್ಲಿ ಮಾನಿಟರಿಗೆ ಇಟ್ಟ ಕುಂಕುಮ ಒಣಗಿ ಉದುರುತ್ತಿತ್ತು.

"ಯಾಕಪ್ಪಾ ಕೈಯಲ್ಲಿ ಬರೀತಿದೀರಾ?"

"ಅದ್ಯಾಕೋ ಸರಿ ಇಲ್ಲ ಕಣಪ್ಪ. ಹಬ್ಬ ಮುಗೀಲಿ, ಆಮೇಲೆ ನೋಡಿವಂತೆ."

ಒಳಗೆ ಅಡಿಗೆಮನೆಗೆ ಹೋದೆ. ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟಿದ್ದಳು. ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಎಂಟೂವರೆ ಸಾವಿರ ಕಳ್ಕೊಂಡ್ರು ಕಣೋ. ನಿಂಗೆ ಹೇಳ್ಬೇಡ ಅಂದವ್ರೆ."

ಅಲ್ಲಿಂದ ಹಿಂದಕ್ಕೆ ಹೋಗಿ ಒಂದೊಂದೇ ಎಳೆ ಬಿಡಿಸಿದಾಗ ಗೊತ್ತಾಗಿದ್ದು ಇಷ್ಟು.

ಒಬ್ಬ ಗಿರಾಕಿ ತನ್ನ ಕ್ರಯಪತ್ರದ ಕರಡನ್ನು ಮೊಬೈಲಿಗೆ ಕಳಿಸಿ ಅಂದಿದ್ದಾನೆ. ಅಪ್ಪ ವರ್ಡ್ ಕಡತವನ್ನು ಹಾಗೇ ವಾಟ್ಸಾಪ್ ಮಾಡಿದ್ದಾರೆ. ಅವನು ತೆರೆದು ನೋಡಿದರೆ ಒಂದು ಅಕ್ಷರವೂ ಕನ್ನಡವಿಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಎಳೆದುಕೊಂಡ ಎ, ಪೌಂಡಿನ ಗುರುತು, ಏನೇನೋ. "ಸಾ, ನಿಮ್ ಕಂಪ್ಯೂಟರ್‌ಗೆ ವೈರಸ್ ಬಿದ್ದೈತೆ, ನನ್ ಫೋನಿಗೂ ಬಂತೇನೋ" ಅಂತ ಆಫೀಸಿನ ಮುಂದೆ ನಾಲ್ಕು ಜನರ ಎದುರಿಗೇ ಅಂದನಂತೆ.

ಇದನ್ನು ಓದುತ್ತಿರುವ ನಿಮಗೆಲ್ಲ ಈಗಾಗಲೇ ನಗು ಬಂದಿರುತ್ತದೆ. ಅದು ವೈರಸ್ಸಲ್ಲ. ಹಳೆಯ ನುಡಿಯ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಒಳಗಿನ ಅಸ್ಥಿಪಂಜರ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ಈ ತಾಪತ್ರಯವೇ ಇಲ್ಲ. ಹೋಗಲಿ, ಪಿಡಿಎಫ್ ಮಾಡಿ ಕಳಿಸಿದ್ದರೂ ಸಾಕಿತ್ತು, ಫಾಂಟು ಜೊತೆಯಲ್ಲೇ ಹೋಗುತ್ತಿತ್ತು. ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷಕ್ಕೇ ಅಪ್ಪ ನನಗೆ ಫೋನ್ ಮಾಡಿದ್ದು.

ಅಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆ. ಪತ್ರ ಬರಹಗಾರನ ಕಡತದಲ್ಲಿ ಅಕ್ಷರ ಕೆಟ್ಟಿದೆ ಅಂದರೆ ಆಮೇಲೆ ಯಾರು ಬರುತ್ತಾರೆ? ನಾನು ಕೈಗೆ ಸಿಗಲಿಲ್ಲ. ತಾವೇ ಗೂಗಲ್ಲಿನಲ್ಲಿ ಹುಡುಕಿದ್ದಾರೆ. ಯಾವುದೋ ತಾಣ "ನೀವು ರೋಬೋ ಅಲ್ಲ ಅನ್ನುವುದಾದರೆ ಅಲೋ ಒತ್ತಿ" ಅಂದಿದೆ, ಒತ್ತಿದ್ದಾರೆ. ಅವತ್ತಿನಿಂದ ಪರದೆಯ ಬಲಮೂಲೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕೆಂಪು ಪೆಟ್ಟಿಗೆ. ಹೆಸರುವಾಸಿ ಆಂಟಿವೈರಸ್ ಒಂದರ ಗುರುತು ಹಾಕಿಕೊಂಡು "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಪತ್ತೆ, ಕೂಡಲೇ ಈ ನಂಬರಿಗೆ ಕರೆ ಮಾಡಿ" ಅನ್ನುವ ಬೆದರಿಕೆ. ಅದು ಬರೀ ಬ್ರೌಸರಿನ ನೋಟಿಫಿಕೇಷನ್. ಆ ಕಂಪನಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅಪ್ಪನಿಗೆ ಮೊದಲೇ ಅನುಮಾನ ಇತ್ತಲ್ಲ, ಗಿರಾಕಿ ಹೇಳಿದ್ದಕ್ಕೂ ಕಂಪ್ಯೂಟರ್ ಹೇಳಿದ್ದಕ್ಕೂ ತಾಳೆಯಾಯಿತು. ಫೋನ್ ಮಾಡಿದರು.

ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ದೂರದಿಂದಲೇ ಕಂಪ್ಯೂಟರ್ ನಡೆಸುವ ಒಂದು ತಂತ್ರಾಂಶ ಹಾಕಿಸಿ, ಕಪ್ಪು ಪರದೆಯಲ್ಲಿ ಒಂದಷ್ಟು ಅಕ್ಷರ ಓಡಿಸಿ, "ನೋಡಿ ಅಂಕಲ್, ಎಷ್ಟೊಂದು ವೈರಸ್" ಅಂದು, ಮೂರು ವರ್ಷದ ಲೈಸೆನ್ಸ್ ಅಂತ ಯುಪಿಐನಲ್ಲಿ 8,499 ರೂಪಾಯಿ ಹಾಕಿಸಿಕೊಂಡು, ಪುಕ್ಕಟೆ ಸಿಗುವ ಯಾವುದೋ ಆಂಟಿವೈರಸ್ಸಿನ ಮೂವತ್ತು ದಿನದ ಟ್ರಯಲ್ ಹಾಕಿಹೋಗಿದ್ದಾನೆ.

ಇನ್ನೊಂದು ತಮಾಷೆ ಕೇಳಿ. ಆ ಟ್ರಯಲ್ ಆಂಟಿವೈರಸ್ಸು ಕಂಪ್ಯೂಟರನ್ನೆಲ್ಲ ಜಾಲಾಡಿ ಕೊನೆಗೆ ಹಿಡಿದದ್ದು ಒಂದೇ ಒಂದು ಕಳ್ಳನನ್ನು. ನುಡಿಯನ್ನು!

ಸೀರೆ ತೆಗೆದು ಕಂಪ್ಯೂಟರ್ ಹಾಕಿದೆ. ಅಪ್ಪ ಬಂದು ಹಿಂದೆ ನಿಂತರು. ಅಮ್ಮ ಹೇಳಿಬಿಟ್ಟಿದ್ದಾಳೆ ಅಂತ ಅವರಿಗೂ ಗೊತ್ತಾಗಿತ್ತು. ಇಬ್ಬರೂ ದುಡ್ಡಿನ ಮಾತೆತ್ತಲಿಲ್ಲ. "ನುಡೀನ ಕ್ವಾರಂಟೈನ್ ಮಾಡವ್ರೆ ಅಪ್ಪಾ" ಅಂದೆ. ಕೊರೋನಾ ದಯೆಯಿಂದ ಆ ಪದ ಅವರಿಗೆ ಚೆನ್ನಾಗಿ ಗೊತ್ತು. "ಅದೇನ್ ತಪ್ಪು ಮಾಡಿತ್ತು?" ಅಂದರು.

ಏನು ತಪ್ಪು ಮಾಡಿತ್ತು ಅಂತ ಹೇಳಬೇಕಾದರೆ ಆಂಟಿವೈರಸ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು. ಅಷ್ಟು ವರ್ಷದಲ್ಲಿ ನಾನು ಅಪ್ಪನಿಗೆ ನನ್ನ ಕಸುಬಿನ ವಿಷಯ ಕೂತು ಹೇಳಿದ್ದು ಅದೇ ಮೊದಲು. ಅವರ ಕಸುಬಿನ ಮಾತಿನಲ್ಲೇ ಹೇಳಿದೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದಲ್ಲ, ಹಾಗೆ ಹಿಂದೆ ಸಿಕ್ಕಿಬಿದ್ದ ಪ್ರತಿ ವೈರಸ್ಸಿನ ಗುರುತಿನ ಪಟ್ಟಿ ಒಂದು ಆಂಟಿವೈರಸ್ಸಿನ ಹತ್ತಿರ ಇರುತ್ತದೆ. ಹೊಸ ಕಡತ ಬಂದಾಗ ಆ ಪಟ್ಟಿಗೆ ತಾಳೆ ಹಾಕುತ್ತದೆ. ದಿನಾ ಅಪ್‌ಡೇಟ್ ಅಂತ ಬರುವುದು ಆ ಪಟ್ಟಿಯೇ. ಆದರೆ ಇವತ್ತೇ ಹುಟ್ಟಿದ ಕಳ್ಳನ ಹೆಬ್ಬೆಟ್ಟು ಪಟ್ಟಿಯಲ್ಲಿ ಇರುವುದಿಲ್ಲವಲ್ಲ? ಅದಕ್ಕೆ ಎರಡನೆಯ ಉಪಾಯ, ನಡತೆ ನೋಡುವುದು. ಕೆಲಸವಿಲ್ಲದೆ ಆಫೀಸಿನ ಮುಂದೆ ಓಡಾಡುತ್ತ ಎಲ್ಲರ ಕಾಗದಕ್ಕೂ ಇಣುಕುವವನನ್ನು ಕಂಡರೆ ದಲ್ಲಾಳಿ ಇರಬೇಕು ಅಂದುಕೊಳ್ಳುತ್ತೀರಲ್ಲ, ಹಾಗೆ. ನುಡಿ ಮಾಡುವ ಕೆಲಸವೇ ಕೀಲಿಮಣೆಗೂ ಪರದೆಗೂ ಮಧ್ಯೆ ಕೂತು, ನೀವು ಒತ್ತಿದ ಪ್ರತಿ ಕೀಲಿಯನ್ನೂ ಹಿಡಿದು, ಅದನ್ನು ಕನ್ನಡ ಮಾಡಿ ಮುಂದೆ ಕಳಿಸುವುದು. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಅದೇ ಜಾಗದಲ್ಲಿ ಕೂತು ಅದೇ ಕೀಲಿಗಳನ್ನು ಹಿಡಿಯುತ್ತದೆ. ನಡತೆ ಮಾತ್ರ ನೋಡುವವನಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

"ಅಂದ್ರೆ ಕನ್ನಡ ಬರೆಯೋದೇ ಅದಕ್ಕೆ ಅನುಮಾನ" ಅಂದರು ಅಪ್ಪ. ನಗು ಬಂತು. ಅವರೂ ನಕ್ಕರು. ಆಮೇಲೆ ಮಾತು ಸುಲಭವಾಯಿತು.

ನಾನು ಈ ಮನೆಯ ಕಂಪ್ಯೂಟರ್ ಡಾಕ್ಟರ್ ಆದದ್ದೂ ವೈರಸ್ಸಿನಿಂದಲೇ. 2013ರ ಸುಮಾರಿಗೆ ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟರೆ ಸಾಕು, ವಾಪಸ್ ಬರುವಾಗ ಕಡತಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್ಟುಗಳು. ಅಪ್ಪನ ಒಂದು ವಾರದ ಪತ್ರಗಳು ಹಾಗೆ ಮಾಯವಾದಾಗ ನಾನು ಎಲ್ಲೋ ಓದಿದ್ದ 'ಆಟ್ರಿಬ್' ಅನ್ನುವ ಒಂದು ಸಾಲಿನ ಆಜ್ಞೆ ಕೊಟ್ಟು ಎಲ್ಲವನ್ನೂ ತೋರಿಸಿದ್ದೆ. ಕಡತಗಳು ಹೋಗಿರಲೇ ಇಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಅವತ್ತು ಅಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಇಂಜಿನಿಯರಿಂಗ್ ಓದಿಸೋಣ ಅನ್ನುವ ಮಾತು ಮನೆಯಲ್ಲಿ ಬಂದದ್ದೇ ಅದಾದ ಮೇಲೆ. ಆಗ ಹದಿನೈದರ ಹುಡುಗನಿಗೆ ಅಪ್ಪನ ಕಡತಕ್ಕೆ ಇದ್ದ ಪುರುಸೊತ್ತು ಈಗಿನ ಇಂಜಿನಿಯರಿಗೆ ಇರಲಿಲ್ಲ.

ಇರಲಿ. ಮೊದಲು ದುಡ್ಡಿನ ವಿಷಯ. 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು ಕೊಟ್ಟೆ. ಬ್ಯಾಂಕಿಗೂ ತಿಳಿಸಿ, ಕಾರ್ಡು ಬಂದ್ ಮಾಡಿಸಿ, ಪಾಸ್‌ವರ್ಡುಗಳನ್ನೆಲ್ಲ ಮೊಬೈಲಿನಿಂದ ಬದಲಿಸಿದೆ. ದುಡ್ಡು ಹೋಗಿ ಆಗಲೇ ಹನ್ನೊಂದು ದಿನ ಆಗಿತ್ತು. ಮೊದಲ ಒಂದೆರಡು ಗಂಟೆಯೊಳಗೆ 1930ಕ್ಕೆ ಹೇಳಿದರೆ ದುಡ್ಡು ಕೈ ಬದಲಾಗುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಹನ್ನೊಂದು ದಿನ ಬಿಟ್ಟು ಹೇಳಿದರೆ ಒಂದು ದೂರಿನ ನಂಬರ್ ಸಿಗುತ್ತದೆ. ನಮಗೆ ನಂಬರ್ ಸಿಕ್ಕಿತು. ದುಡ್ಡು ಬರಲಿಲ್ಲ.

ಆಮೇಲೆ ಕಂಪ್ಯೂಟರ್. ಹೊರಗಿನವನು ಒಳಗೆ ಓಡಾಡಿಹೋದ ಮೇಲೆ ಏನು ಬಿಟ್ಟುಹೋಗಿದ್ದಾನೋ ಅಂತ ಹುಡುಕುತ್ತ ಕೂರುವುದಕ್ಕಿಂತ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ವಾಸಿ. ಅದಕ್ಕೆ ಮೊದಲು ಅಪ್ಪನ ಕಡತಗಳ ಪ್ರತಿ ತೆಗೆಯಬೇಕಲ್ಲ. ತೆಗೆಯುವಾಗ ಎದೆ ಝಲ್ಲೆಂದಿತು. ಹತ್ತೊಂಬತ್ತು ವರ್ಷದ ಪತ್ರಗಳು, ಮೂರು ಸಾವಿರಕ್ಕೂ ಮೇಲೆ. ಯಾರದೋ ಅಣ್ಣತಮ್ಮಂದಿರ ಪಾಲು, ಯಾರದೋ ಮಗಳಿಗೆ ಕೊಟ್ಟ ಸೈಟು, ಎಲ್ಲ ಆ ಒಂದೇ ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಎಂಟೂವರೆ ಸಾವಿರಕ್ಕೆ ಸುಮ್ಮನಾದ ಆ ಮನುಷ್ಯ ಕಡತಗಳಿಗೆ ಬೀಗ ಹಾಕಿ ಎಂಬತ್ತು ಸಾವಿರ ಕೇಳಿದ್ದರೆ?

ಇದು ಕಟ್ಟುಕಥೆಯಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಮಾಡಿದ್ದು ಅದನ್ನೇ. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ನೂರೈವತ್ತು ದೇಶಗಳ ಕಂಪ್ಯೂಟರುಗಳಿಗೆ ಬೀಗ ಬಿತ್ತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ, ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ಒಮ್ಮೆ ಬೀಗ ಬಿದ್ದ ಮೇಲೆ ಎಷ್ಟೇ ದುಬಾರಿ ಆಂಟಿವೈರಸ್ಸೂ ಕಡತ ಬಿಡಿಸಿಕೊಡುವುದು ಕಷ್ಟ. ಇನ್ನೊಂದು ಪ್ರತಿ ಇದ್ದವನೇ ಗೆದ್ದ.

ರಾತ್ರಿ ಊಟವಾದ ಮೇಲೆ ಕಡತಗಳು ಪ್ರತಿಯಾಗುತ್ತಿರುವಾಗ ಅಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು. "ಈಗ್ಲಾದ್ರೂ ಹೇಳು, ಯಾವ್ದು ಹಾಕ್ಸೋದು?" ಈ ಸಲ ಮೀಟಿಂಗ್ ಇರಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ.

ಆಂಟಿವೈರಸ್ ಅಂದರೆ ಮನೆಯ ಎಲ್ಲ ಕೋಣೆಯ ಬೀಗದ ಕೈ ಕೊಟ್ಟು ಇಟ್ಟುಕೊಳ್ಳುವ ಕಾವಲುಗಾರ. ಕಳ್ಳನನ್ನು ಹಿಡಿಯುತ್ತಾನಾ ಅನ್ನುವುದರ ಜೊತೆಗೆ ಇವನು ಎಂಥವನು ಅಂತಲೂ ಕೇಳಬೇಕು. ನಾವು ಕಾಲೇಜಿನಲ್ಲಿದ್ದಾಗ ಪುಕ್ಕಟೆ ಅಂತ ಎಲ್ಲರೂ ಹಾಕಿಕೊಳ್ಳುತ್ತಿದ್ದ ಅವಾಸ್ಟ್, ತನ್ನ ಬಳಕೆದಾರರು ಯಾವ್ಯಾವ ತಾಣ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರಲ್ಲಿ ಅದನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಎಫ್‌ಟಿಸಿ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು. ರಷ್ಯಾದ ಕ್ಯಾಸ್ಪರ್‌ಸ್ಕಿಯನ್ನು ದೇಶದ ಭದ್ರತೆಯ ಕಾರಣ ಕೊಟ್ಟು ಅದೇ 2024ರಲ್ಲಿ ಅಮೆರಿಕ ನಿಷೇಧಿಸಿತು. ಅಂಗಡಿಯವನು ಅದು ಬೇಡ ಇದು ತಗೊಳ್ಳಿ ಅಂತ ತೋರಿಸುವ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಈಗ ಒಂದೇ ಮನೆ. ಒಂದನ್ನೊಂದು ಕೊಂಡುಕೊಂಡು 2022ರಿಂದ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿಯ ಕೈಕೆಳಗಿವೆ.

ನಮ್ಮ ದೇಶದಲ್ಲೂ ಇದ್ದಾರೆ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್, ಕಂಪ್ಯೂಟರ್ ಓದಿದ್ದ ತಮ್ಮ ಸಂಜಯ್ ಜೊತೆ ಸೇರಿ ತೊಂಬತ್ತರ ದಶಕದಲ್ಲಿ ಕಟ್ಟಿದ್ದು ಕ್ವಿಕ್ ಹೀಲ್. ಚೆನ್ನೈನಲ್ಲಿ ಕೆ7 ಇದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥ ಕಂಪನಿಗಳ ಜೊತೆಗೂಡಿ ಸ್ವಚ್ಛಗೊಳಿಸುವ ಸಲಕರಣೆಗಳನ್ನು ಪುಕ್ಕಟೆ ಕೊಡುತ್ತಾ ಬಂದಿದೆ. ದುಡ್ಡು ಕೊಟ್ಟು ಕೊಳ್ಳುವುದು ತಪ್ಪೇನಲ್ಲ. ತೊಂದರೆಯಾದಾಗ ಫೋನಿನಲ್ಲಿ ಯಾರಾದರೂ ಸಿಗಬೇಕು ಅನ್ನುವವರಿಗೆ ಅದು ಬೇಕಾಗಲೂಬಹುದು.

"ನಮಗೆ?" ಅಂದರು.

ನಮಗೆ ಅದು ಬೇಕಾಗಿರಲೇ ಇಲ್ಲ. 2012ರ ವಿಂಡೋಸ್ 8ರಿಂದಲೂ ಡಿಫೆಂಡರ್ ಅನ್ನುವ ಆಂಟಿವೈರಸ್ ವಿಂಡೋಸಿನ ಒಳಗೇ ಬರುತ್ತದೆ. ಮೊದಮೊದಲು ಅದನ್ನು ಎಲ್ಲರೂ ಗೇಲಿ ಮಾಡುತ್ತಿದ್ದದ್ದು ನಿಜ. ಈಚಿನ ವರ್ಷಗಳಲ್ಲಿ ಜರ್ಮನಿಯ ಎವಿ-ಟೆಸ್ಟ್ ಪರೀಕ್ಷೆಗಳಲ್ಲಿ ಪದೇ ಪದೇ ಪೂರ್ತಿ ಅಂಕ ತೆಗೆದಿದೆ. ಬೇರೆ ಆಂಟಿವೈರಸ್ ಹಾಕಿದರೆ ಇದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಆ ಮನುಷ್ಯ ದುಡ್ಡು ತಗೊಂಡು, ಇದ್ದ ಒಳ್ಳೆಯ ಕಾವಲುಗಾರನನ್ನು ಎಬ್ಬಿಸಿ, ಮೂವತ್ತು ದಿನದ ಗಡುವಿನವನನ್ನು ಕೂರಿಸಿಹೋಗಿದ್ದ.

ಇನ್ನೊಂದು ತೊಡಕಿತ್ತು. ನಮ್ಮ ಕಂಪ್ಯೂಟರ್ 2017ರಲ್ಲಿ ತುಮಕೂರಿನಲ್ಲಿ ಜೋಡಿಸಿದ್ದು, ಏಳನೇ ತಲೆಮಾರಿನ ಇಂಟೆಲ್. ವಿಂಡೋಸ್ 11 ಕೇಳುವುದು ಎಂಟನೆಯದು. ಒಂದೇ ಒಂದು ತಲೆಮಾರಿಗೆ ತಪ್ಪಿಹೋಯಿತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟು ನಿಂತದ್ದು 2025ರ ಅಕ್ಟೋಬರ್ 14ಕ್ಕೆ, ನಾನು ಊರಿಗೆ ಹೋಗುವ ಐದು ದಿನ ಮೊದಲು. ಡಿಫೆಂಡರಿನ ಹೆಬ್ಬೆಟ್ಟಿನ ಪಟ್ಟಿ 2028ರವರೆಗೆ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಆದರೆ ಗೋಡೆಯ ಬಿರುಕು ಮುಚ್ಚದೆ ಕಾವಲುಗಾರ ಒಬ್ಬನನ್ನೇ ನೆಚ್ಚಿಕೊಂಡರೆ ವಾನಾಕ್ರೈ ಕಥೆಯೇ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗುಗಳ ಬ್ಯಾಕಪ್ ಚಾಲೂ ಮಾಡಿದರೆ 2026ರ ಅಕ್ಟೋಬರ್‌ವರೆಗೆ ದುಡ್ಡಿಲ್ಲದೆ ಅಪ್‌ಡೇಟು ಸಿಗುವ ಏರ್ಪಾಡಿತ್ತು. ಅದನ್ನು ಮಾಡಿದೆ. ಒಂದು ವರ್ಷದ ಉಸಿರು. ಅಷ್ಟರೊಳಗೆ ಹೊಸ ಕಂಪ್ಯೂಟರ್ ಕೊಡಿಸುವುದು ನನ್ನ ಲೆಕ್ಕ.

ಉಳಿದದ್ದು ಸಣ್ಣಪುಟ್ಟ ಕೆಲಸ. ಬ್ರೌಸರಿನ ನೋಟಿಫಿಕೇಷನ್ ಎಲ್ಲ ಬಂದ್. ಅಪ್ಪ ದಿನಾ ಬಳಸುವ ಖಾತೆಗೆ ಹೊಸ ತಂತ್ರಾಂಶ ಹಾಕುವ ಅಧಿಕಾರ ಇಲ್ಲ, ಅದಕ್ಕೆ ಬೇರೆ ಪಾಸ್‌ವರ್ಡ್. ಒಂದು ಹೊರಗಿನ ಹಾರ್ಡ್ ಡಿಸ್ಕು, ಪ್ರತಿ ಶನಿವಾರ ಕಡತಗಳ ಪ್ರತಿ ಮಾಡಿ, ಕಳಚಿ, ಬೀರುವಿನಲ್ಲಿ ಇಡುವುದು. ಕಳಚುವುದು ಮುಖ್ಯ. ಅಂಟಿಕೊಂಡೇ ಇದ್ದರೆ ಬೀಗ ಹಾಕುವವನು ಅದಕ್ಕೂ ಹಾಕುತ್ತಾನೆ. ಕಡೆಗೆ ಪರಿಷತ್ತಿನ ತಾಣದಿಂದಲೇ ನುಡಿ ಇಳಿಸಿ ಹಾಕಿದೆ. ಡಿಫೆಂಡರ್ ತಕರಾರು ಮಾಡಲಿಲ್ಲ.

ಮುಗಿಯುವ ಹೊತ್ತಿಗೆ ಬೆಳಗಿನ ಜಾವ. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಿದ್ದಳು, ನರಕ ಚತುರ್ದಶಿಯ ಅಭ್ಯಂಜನಕ್ಕೆ. ಅಪ್ಪ ಮಾತ್ರ ಕಂಪ್ಯೂಟರ್ ಮುಂದೆ ಕೂತು ಆ ಕೈಬರಹದ ವಿಭಾಗಪತ್ರವನ್ನು ಟೈಪಿಸುತ್ತಿದ್ದರು. ಪರದೆ ಕಡೆಯೇ ನೋಡುತ್ತ ಕೇಳಿದರು, "ಹಂಗಾದ್ರೆ ವೈರಸ್ಸು ಯಾವತ್ತೂ ಇರ್ಲೇ ಇಲ್ವಾ?"

"ಇರ್ಲಿಲ್ಲ ಅಪ್ಪಾ."

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ಆಮೇಲೆ, "ನಿಂಗೆ ಕೆಲಸ ಇರುತ್ತೆ ಅಂತ ಮತ್ತೆ ಫೋನ್ ಮಾಡ್ಲಿಲ್ಲ ಕಣಪ್ಪ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಅಪ್ಪನ ಮಾನಿಟರಿನ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ. ಕಂಪ್ಯೂಟರಿನಲ್ಲಿ ಬಂದ ನಂಬರಿಗೆ ಫೋನ್ ಮಾಡಬಾರದು. ಯಾರಿಗೂ ಪರದೆ ತೋರಿಸಬಾರದು. ಕರಡು ಕಳಿಸುವಾಗ ಪಿಡಿಎಫ್. ದುಡ್ಡು ಹೋದರೆ ಕೂಡಲೇ 1930. ಕೊನೆಯ ಸಾಲಿನಲ್ಲಿ ನನ್ನ ನಂಬರ್. ಅವರಿಗೆ ಅದು ಬಾಯಿಪಾಠ ಇದೆ, ಆದರೂ ಬರೆದೆ.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದ ಮುಂದಿನ ವಾರ ಮೀಟಿಂಗಿನಲ್ಲಿದ್ದಾಗ ಫೋನು. "ಅದೇನೋ ರೀಸ್ಟಾರ್ಟ್ ಕೇಳ್ತೈತೆ, ಒತ್ಲಾ?" ಕೋಣೆಯಿಂದ ಎದ್ದು ಹೊರಗೆ ಬಂದೆ. "ಏನು ಬರೆದಿದೆ, ಪೂರ್ತಿ ಓದಿ ಅಪ್ಪಾ" ಅಂದೆ. ಒಂದೊಂದೇ ಇಂಗ್ಲಿಷ್ ಪದ ಕೂಡಿಸಿಕೊಂಡು ಓದಿದರು. ನಾಲ್ಕು ನಿಮಿಷ ಹಿಡಿಯಿತು. ಅಪ್‌ಡೇಟೇ ಆಗಿತ್ತು. ಒತ್ತಿ ಅಂದೆ.

ಕೊ.ಕೊ: (ಕೊನೆಯ ಕೊಸರು) ಅಪ್ಪನ ಮೂರು ಸಾವಿರ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸ ಶುರು ಮಾಡಿದ್ದೇನೆ. ಅರ್ಕಾವೊತ್ತು ಒಂದೊಂದು ಕಡೆ ಎಲ್ಲೆಲ್ಲೋ ಹೋಗಿ ಕೂರುತ್ತಿದೆ. 'ಪೂರ್ವಕ್ಕೆ' ಅನ್ನುವುದು ಕೆಟ್ಟರೆ ಜಮೀನಿನ ದಿಕ್ಕೇ ಕೆಟ್ಟಂತೆ, ಆದ್ದರಿಂದ ಪ್ರತಿಯೊಂದನ್ನೂ ಅಪ್ಪನೇ ಓದಿ ನೋಡುತ್ತಿದ್ದಾರೆ. ಇದರ ನೆಪದಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಫೋನು. ಆ ಗಿರಾಕಿಯ ಕ್ರಯಪತ್ರವನ್ನು ಮೊದಲು ಸರಿಮಾಡಿ ಕಳಿಸಿದೆವು. "ವೈರಸ್ ಹೋಯ್ತಾ ಸಾ?" ಅಂದನಂತೆ. ಅಪ್ಪ "ಹೋಯ್ತು, ನಮ್ ಹುಡುಗ ಬಂದು ತೆಗೆದ" ಅಂದರಂತೆ!